ವೇಗದ ದಂಡ: ಕಟ್ಟಿಬಿಡೋದಾ, ಕೋರ್ಟಿಗೆ ಹೋಗೋದಾ?

ಪ್ರಶ್ನೆ: ಬೆಂಗಳೂರಿನಿಂದ ಮೈಸೂರಿಗೆ ಬರುವಾಗ ಚನ್ನಪಟ್ಟಣದ ಹತ್ತಿರ ಹೆದ್ದಾರಿಯಲ್ಲಿ ನನ್ನ ಕಾರು 118 ಕಿ.ಮೀ. ವೇಗದಲ್ಲಿತ್ತು ಅಂತ 1,000 ರೂಪಾಯಿ ದಂಡದ ಮೆಸೇಜ್ ಬಂದಿದೆ. ಅದೂ ತಿಂಗಳು ಕಳೆದ ಮೇಲೆ. ಅಷ್ಟು ಜೋರಾಗಿ ಹೋದ ನೆನಪಿಲ್ಲ, ಎಷ್ಟೋ ಗಾಡಿಗಳು ನನ್ನನ್ನೇ ಹಿಂದೆ ಹಾಕಿ ಹೋಗುತ್ತಿದ್ದವು. ಕಟ್ಟಿ ಕೈ ತೊಳೆದುಕೊಳ್ಳಿ ಅಂತಾಳೆ ಹೆಂಡತಿ. ತಡವಾಗಿ ಬಂದ ನೋಟಿಸ್ ಕೋರ್ಟಿನಲ್ಲಿ ನಿಲ್ಲಲ್ಲ, ಬಿಡಬೇಡಿ ಭಾವ ಅಂತಾನೆ ಭಾಮೈದ. ಯಾರ ಮಾತು ಕೇಳಲಿ?
– ಮೈಸೂರಿನ ಓದುಗರು

ಉತ್ತರ: ಇಬ್ಬರ ಮಾತೂ ಆಮೇಲೆ ಕೇಳೋಣ. ಮೊದಲು ಆ ಮೆಸೇಜಿನಲ್ಲಿರುವ ಲಿಂಕ್ ಮುಟ್ಟಬೇಡಿ. ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವವರು ಇದ್ದಾರೆ. ಪರಿವಾಹನ್ ಇ-ಚಲನ್ ಜಾಲತಾಣವನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ ನೋಡಿ. ಅದು ಗೊತ್ತಾಗದಿದ್ದರೆ ಹತ್ತಿರದ ಸಂಚಾರ ಠಾಣೆಗೆ ಹೋಗಿ ಕೇಳಿ.

ಚಲನ್ ಅಸಲಿ ಅಂತಾದರೆ ಫೋಟೊ ದೊಡ್ಡದು ಮಾಡಿ ನೋಡಿ. ತೀರ್ಮಾನ ಅರ್ಧ ಆಗೋದು ಇಲ್ಲೇ. ಪ್ಲೇಟಿನಲ್ಲಿ 3 ಇರೋದನ್ನು ಕ್ಯಾಮೆರಾ 8 ಅಂತ ಓದಿರಬಹುದು. ಕಾರಿನ ಬಣ್ಣ, ಮಾಡೆಲ್, ಹಿಂದಿನ ಗಾಜಿಗೆ ಅಂಟಿಸಿದ ಸ್ಟಿಕರ್ ನಿಮ್ಮದೇನಾ? ದಿನ, ಗಂಟೆ, ಜಾಗ ಸರಿ ಇದೆಯಾ? ಆ ಜಾಗದ ಮಿತಿ ಎಷ್ಟು ಅಂತ ಹಾಕಿದ್ದಾರೆ? ಈ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಎಲ್ಲ ಹೊಂದಿಕೊಂಡರೆ ‘ನೆನಪಿಲ್ಲ’ ಅನ್ನುವ ಮಾತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಬೇರೆಯವರು ಇನ್ನೂ ಜೋರಾಗಿ ಹೋಗುತ್ತಿದ್ದರು ಅನ್ನೋದಕ್ಕಂತೂ ಖಂಡಿತ ಇಲ್ಲ, ಅದು ಅವರ ತಪ್ಪು, ಅವರಿಗೂ ಚಲನ್ ಹೋಗಿರುತ್ತೆ.

ಈಗ ಭಾಮೈದನ ಮಾತು. ಅವರು ಸುಮ್ನೆ ಹೇಳಿಲ್ಲ. ಮೋಟಾರು ವಾಹನ ಕಾಯ್ದೆಯ 209ನೇ ಕಲಂ ಇದನ್ನೇ ಹೇಳುತ್ತೆ. ಅತಿವೇಗದ ಕೇಸಿನಲ್ಲಿ ಶಿಕ್ಷೆ ಆಗಬೇಕಾದರೆ ನಿಮ್ಮನ್ನು ಅಲ್ಲೇ ತಡೆದು ಕೇಸು ಹಾಕಬಹುದು ಅಂತ ಎಚ್ಚರಿಸಿರಬೇಕು, ಇಲ್ಲವೇ 14 ದಿನದೊಳಗೆ ನಿಮಗೋ ಗಾಡಿಯ ಮಾಲೀಕರಿಗೋ ನೋಟಿಸ್ ಹೋಗಿರಬೇಕು, ಅದೂ ಇಲ್ಲದಿದ್ದರೆ 28 ದಿನದೊಳಗೆ ಸಮನ್ಸ್ ಜಾರಿಯಾಗಿರಬೇಕು. ಆದರೆ ನಿಮ್ಮ ಹೆಸರು, ವಿಳಾಸ ಗೊತ್ತಾಗದೆ ತಡವಾಯಿತು ಅಂತ ನ್ಯಾಯಾಧೀಶರಿಗೆ ಮನವರಿಕೆಯಾದರೆ ಈ ರಕ್ಷಣೆ ಸಿಗಲ್ಲ. ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಅಂಚೆಯಲ್ಲಿ ಬರುವ ನೋಟಿಸಿಗೆ ಅವರು ಕಳಿಸಿದ ದಿನ ಲೆಕ್ಕ, ನೀವು ಕವರ್ ಒಡೆದ ದಿನ ಅಲ್ಲ. ಆರ್‌ಸಿಯಲ್ಲಿ ಹಳೆ ಮನೆಯ ವಿಳಾಸ, ಹಳೆ ಮೊಬೈಲ್ ನಂಬರ್ ಇದೆಯಾ ಅಂತ ಇವತ್ತೇ ನೋಡಿ.

ವಾದಕ್ಕೆ ಇನ್ನೂ ಒಂದೆರಡು ದಾರಿ ಇವೆ. ಅತಿವೇಗಕ್ಕೆ ಶಿಕ್ಷೆ ಹೇಳುವ, ಅದೇ ಕಾಯ್ದೆಯ 183ನೇ ಕಲಂ ಪ್ರಕಾರ ಒಬ್ಬ ಸಾಕ್ಷಿ ‘ಜೋರಾಗಿ ಬರ್ತಿದ್ದ ಅನ್ನಿಸಿತು’ ಅಂದರಷ್ಟೇ ಶಿಕ್ಷೆ ಕೊಡೋ ಹಾಗಿಲ್ಲ, ಆ ಅಂದಾಜಿಗೆ ಯಂತ್ರದ ಅಳತೆ ಆಧಾರವಾಗಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮ ಹೇಳೋದು, ಆ ಯಂತ್ರಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದು ವರ್ಷ ವರ್ಷ ನವೀಕರಣ ಆಗಿರಬೇಕು, ಕ್ಯಾಮೆರಾ ಇದೆ ಅಂತ ತಿಳಿಸುವ ಫಲಕವೂ ಕಾಣುವ ಹಾಗೆ ಇರಬೇಕು. ಈ ದಾಖಲೆ ತೋರಿಸಿ ಅಂತ ಕೇಳೋದು ನಿಮ್ಮ ಹಕ್ಕು, ಸಂಕೋಚ ಬೇಡ.

ಆದರೂ ನನ್ನನ್ನು ಕೇಳಿದರೆ, ಫೋಟೊದಲ್ಲಿರೋದು ನಿಮ್ಮ ಕಾರೇ ಆಗಿದ್ದು, ಇದು ನಿಮ್ಮ ಮೊದಲ ಅತಿವೇಗದ ಚಲನ್ ಆಗಿದ್ದರೆ, ಕಟ್ಟಿಬಿಡಿ. ಕೇಸು ನಡೆಯೋದು ಮೈಸೂರಿನಲ್ಲಿ ಅಲ್ಲ, ತಪ್ಪು ನಡೆದ ಜಾಗ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತೋ ಅಲ್ಲಿ. ಹೋಗಿ ಬಾಗಿಲಲ್ಲಿ ಕಾದರೆ ಮುಂದಿನ ದಿನಾಂಕ ಕೊಟ್ಟು ಕಳಿಸಬಹುದು. ರಜೆ, ಪೆಟ್ರೋಲು, ವಕೀಲರ ಫೀಜು ಸೇರಿದರೆ ಸಾವಿರ ಎಲ್ಲಿಗೂ ಸಾಲಲ್ಲ. ಕೋರ್ಟಿನಲ್ಲಿ ಸೋತರೂ ಕಾರಿನಂಥ ಲಘು ವಾಹನಕ್ಕೆ 183ನೇ ಕಲಂನಲ್ಲಿ ದಂಡ 2,000 ದಾಟಲ್ಲ, ಜೈಲೂ ಇಲ್ಲ, ಹಾಗಾಗಿ ಹೆದರಿ ಕಟ್ಟಿ ಅಂತ ನಾನು ಹೇಳ್ತಿಲ್ಲ. 118ರಲ್ಲಿ ಹೋಗಿದ್ದೇ ನಿಜವಾದರೆ ತಾಂತ್ರಿಕ ಕಾರಣ ಹಿಡಿದು ಪಾರಾಗೋದು ನನಗೆ ಇಷ್ಟವಾಗಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಸಾವು ಅತಿವೇಗದ ಲೆಕ್ಕಕ್ಕೇ ಬಂದಿದೆ. ನೀವು ಹೋದ ಹೆದ್ದಾರಿಯಲ್ಲಿ ಕ್ಯಾಮೆರಾ ಕೂತಿದ್ದೂ, 2023ರ ಆಗಸ್ಟ್‌ನಿಂದ ಬೈಕು, ಆಟೊ ಬಿಡದೆ ಇರೋದೂ ಅಲ್ಲಿ ಅಷ್ಟು ಅಪಘಾತ ಆದ ಮೇಲೇ.

ಕಟ್ಟುವ ಮುಂಚೆ ಇದೊಂದು ತಿಳಿದಿರಲಿ, ಬಹಳ ಜನಕ್ಕೆ ಗೊತ್ತಿಲ್ಲ. ದಂಡ ಕಟ್ಟಿದರೆ ಆ ಕೇಸು ಮುಗಿಯುತ್ತೆ, ಆದರೆ ತಪ್ಪು ಅಳಿಸಿ ಹೋಗಲ್ಲ. 2019ರ ತಿದ್ದುಪಡಿ ಆದಮೇಲೆ, ರಾಜಿ ದಂಡ (ವಿಚಾರಣೆಗೆ ಹೋಗದೆ ಕಟ್ಟಿ ಮುಗಿಸುವ ದಂಡ) ಕಟ್ಟಿದ್ದನ್ನೂ 200ನೇ ಕಲಂ ಪ್ರಕಾರ ಹಿಂದಿನ ತಪ್ಪು ಅಂತಲೇ ಎಣಿಸುತ್ತಾರೆ. ಎರಡನೇ ಸಲ ಅತಿವೇಗದಲ್ಲಿ ಸಿಕ್ಕಿಬಿದ್ದರೆ ಡಿಎಲ್ ವಶಪಡಿಸಿಕೊಳ್ಳುವ ಅವಕಾಶ ಕಾಯ್ದೆಯಲ್ಲಿದೆ. ಡ್ರೈವಿಂಗೇ ಹೊಟ್ಟೆಪಾಡು ಅನ್ನುವ ಟ್ಯಾಕ್ಸಿ, ಲಾರಿ ಚಾಲಕರಿಗೆ ನನ್ನ ಸಲಹೆ ಬೇರೆಯೇ ಆಗುತ್ತೆ. ಒಂದಿಷ್ಟು ಅನುಮಾನ ಇದ್ದರೂ ಕಟ್ಟುವ ಮುಂಚೆ ವಕೀಲರನ್ನು ಕಾಣಿ. ಅವರಿಗೆ ಪ್ರಶ್ನೆ ಸಾವಿರ ರೂಪಾಯಿಯದ್ದಲ್ಲ, ಡಿಎಲ್‌ನದ್ದು.

ಅರ್ಧ ರಿಯಾಯಿತಿ ಬರುತ್ತೆ, ಕಾಯ್ತೀನಿ ಅಂತ ಸುಮ್ಮನೆ ಕೂರಬೇಡಿ. 2023ರಲ್ಲೂ 2025ರಲ್ಲೂ ಸರ್ಕಾರ 50% ಬಿಟ್ಟಿದ್ದು ನಿಜ, ಅದು ಬಾಕಿ ಬಿದ್ದ ಹಳೇ ಚಲನ್‌ಗಳಿಗೆ. ನಿಮ್ಮ ಚಲನ್‌ನಲ್ಲಿ ಬರೆದಿರುವ ಗಡುವನ್ನೇ ನಂಬಿ.

ಪ್ರಶ್ನೆ: ನಾನಿರೋದು ಶಿವಮೊಗ್ಗದಲ್ಲಿ. ನನ್ನ ಸ್ಕೂಟರ್ ಊರು ಬಿಟ್ಟು ಹೋಗಿಲ್ಲ. ಬೆಂಗಳೂರಿನಲ್ಲಿ ಅತಿವೇಗ ಅಂತ ಚಲನ್ ಬಂದಿದೆ. ಫೋಟೊದಲ್ಲಿರೋದು ಕಪ್ಪು ಬೈಕು, ನಂಬರ್ ಮಾತ್ರ ನನ್ನದೇ! ಕೇಳಿದವರೆಲ್ಲ ‘ಯಾಕೆ ರಗಳೆ, ಕಟ್ಟಿಬಿಡಿ ಮೇಡಂ’ ಅಂತಾರೆ.
– ಶಿವಮೊಗ್ಗದ ಓದುಗರು

ಉತ್ತರ: ಕಟ್ಟಬೇಡಿ. ನೂರು ರೂಪಾಯಿ ದಂಡ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ. ನಿಮ್ಮ ನಂಬರ್ ಹಾಕಿಕೊಂಡು ಯಾರೋ ಓಡಾಡುತ್ತಿದ್ದಾರೆ. ಇವತ್ತು ಜೋರಾಗಿ ಹೋದವರು ನಾಳೆ ಯಾರಿಗೋ ಗುದ್ದಿ ಓಡಿಹೋದರೆ ಪೊಲೀಸರು ಬರೋದು ನಿಮ್ಮ ಮನೆ ಬಾಗಿಲಿಗೆ. ಆಗ ನೀವು ಈ ದಂಡ ಸುಮ್ನೆ ಕಟ್ಟಿದ ರಸೀದಿಯೇ ನಿಮಗೆ ತಿರುಗಿ ನಿಲ್ಲುತ್ತೆ.

ಚಲನ್ ಕೊಟ್ಟ ಪೊಲೀಸರಿಗೆ ಆನ್‌ಲೈನ್‌ನಲ್ಲೇ ಆಕ್ಷೇಪಣೆ ಹಾಕಿ. ಆರ್‌ಸಿ ಪ್ರತಿ, ನಿಮ್ಮ ಸ್ಕೂಟರಿನ ಎದುರಿನ ಮತ್ತು ಹಿಂದಿನ ಫೋಟೊ, ಚಾಸಿ ನಂಬರಿನ ಹತ್ತಿರದ ಫೋಟೊ ಸೇರಿಸಿ. ಆ ದಿನ ನೀವು ಕೆಲಸದಲ್ಲಿದ್ದ ಹಾಜರಿ, ಪಾರ್ಕಿಂಗ್ ಚೀಟಿ, ಮನೆ ಮುಂದಿನ ಸಿಸಿಟಿವಿ, ಏನಿದ್ದರೂ ಬರುತ್ತೆ. ಸಿಸಿಟಿವಿಯಲ್ಲಿ ಹಳೇದು ತಾನಾಗೇ ಅಳಿಸಿ ಹೋಗುತ್ತೆ, ತಡ ಮಾಡಬೇಡಿ. ಜೊತೆಗೆ ನಿಮ್ಮ ಊರಿನ ಠಾಣೆಯಲ್ಲಿ ನಕಲಿ ನಂಬರ್ ಪ್ಲೇಟ್ ಬಗ್ಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ ಹೇಳಿದ್ದಕ್ಕೆ ಪುರಾವೆ ಇರಲ್ಲ.

ಇಷ್ಟಾದರೂ ಚಲನ್ ವಾಪಸ್ ಆಗದೆ ವರ್ಚುವಲ್ ಕೋರ್ಟಿಗೆ (ಆನ್‌ಲೈನ್‌ನಲ್ಲೇ ನಡೆಯುವ ಕೋರ್ಟು) ಹೋಯಿತು ಅಂತಿಟ್ಟುಕೊಳ್ಳಿ. ಅಲ್ಲಿ ಎರಡೇ ಆಯ್ಕೆ, ತಪ್ಪು ಒಪ್ಪಿ ದಂಡ ಕಟ್ಟೋದು ಅಥವಾ ಕೇಸು ಎದುರಿಸೋದು. ನೀವು ಎರಡನೆಯದನ್ನೇ ಒತ್ತಿ. ಸಮನ್ಸ್ ಬಂದರೆ ತಪ್ಪದೆ ಹಾಜರಾಗಿ, ಹೋಗದಿದ್ದರೆ ವಾರಂಟ್ ಆಗಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತೆ, ಕೋರ್ಟಿಗೆ ಹೋಗಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಅಂತ ಕೇಳಿ.

ಪ್ರಶ್ನೆ: ಮಗ ಗೆಳೆಯರ ಜೊತೆ ನನ್ನ ಕಾರಿನಲ್ಲಿ ಹೋಗಿದ್ದ. 142 ಕಿ.ಮೀ. ವೇಗ ಅಂತ ಎಫ್‌ಐಆರ್ ಆಗಿದೆ. ಇದೂ ದಂಡ ಕಟ್ಟಿದರೆ ಮುಗಿಯುತ್ತಾ? ಗಾಡಿ ನನ್ನ ಹೆಸರಲ್ಲಿದೆ, ಓಡಿಸಿದ್ದು ನಾನೇ ಅಂತ ಹೇಳಿಬಿಡಲಾ ಅಂತ ಯೋಚನೆ.
– ತುಮಕೂರಿನ ಓದುಗರು

ಉತ್ತರ: ಮುಗಿಯಲ್ಲ. 130 ದಾಟಿದವರ ಮೇಲೆ ಎಫ್‌ಐಆರ್ ಹಾಕ್ತೀವಿ ಅಂತ ರಾಜ್ಯದ ಪೊಲೀಸರು ಹೇಳಿ, 2024ರ ಆಗಸ್ಟ್ 1ರಿಂದ ಶುರು ಮಾಡಿದರು. ಇದು ಸಾಮಾನ್ಯ ಚಲನ್ ಅಲ್ಲ, ಕ್ರಿಮಿನಲ್ ಕೇಸು. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಯಾವ ಕಲಂ ಹಾಕಿದ್ದಾರೆ ಅಂತ ಎಫ್‌ಐಆರ್ ಪ್ರತಿ ತರಿಸಿ ನೋಡಿ. ‘ಒಪ್ಪಿಕೊಂಡರೆ ಚಿಕ್ಕ ದಂಡ ಕಟ್ಟಿಸಿ ಬಿಡ್ತಾರೆ’ ಅಂತ ಯಾರಾದರೂ ಹೇಳಿದರೆ ತಕ್ಷಣ ತಲೆ ಆಡಿಸಬೇಡಿ. ತಪ್ಪೊಪ್ಪಿಗೆ ಅಂದರೆ ಶಿಕ್ಷೆಯಾದ ದಾಖಲೆ, ನಾಳೆ ಕೆಲಸಕ್ಕೋ ಪಾಸ್‌ಪೋರ್ಟಿಗೋ ಅರ್ಜಿ ಹಾಕುವಾಗ ಹುಡುಗ ಉತ್ತರ ಕೊಡಬೇಕಾಗುತ್ತೆ. ಕೋರ್ಟಿಗೆ ಕಾಲಿಡುವ ಮುಂಚೆ ವಕೀಲರ ಜೊತೆ ಕೂತು ಮಾತಾಡಿ.

ನೀವೇ ಓಡಿಸಿದ್ದು ಅಂತ ಮಾತ್ರ ಹೇಳಬೇಡಿ. ಮಗನ ಮೇಲಿನ ಪ್ರೀತಿ ಅರ್ಥವಾಗುತ್ತೆ. ಆದರೆ ಓಡಿಸಿದವರು ಯಾರು ಅಂತ ಪೊಲೀಸರು ಕೇಳಿದರೆ ತಿಳಿಸೋದು ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ ಮಾಲೀಕರ ಜವಾಬ್ದಾರಿ. ಸುಳ್ಳು ಹೇಳಿ, ಫೋಟೊದಲ್ಲಿ ಮಗನ ಮುಖ ಕಂಡರೆ ಒಂದು ಕೇಸು ಎರಡಾಗುತ್ತೆ. ಮುಂದಿನ ದಿನಾಂಕಕ್ಕೆ ಅವನ ಡಿಎಲ್, ಗಾಡಿಯ ಆರ್‌ಸಿ, ಇನ್ಶೂರೆನ್ಸ್ ಪ್ರತಿ ತೆಗೆದುಕೊಂಡು ಅವನನ್ನೂ ಕರೆದುಕೊಂಡು ಹೋಗಿ.