ಮಳೆಗಾಲದಲ್ಲಿ ಕಾವು ಕೂತ ಹೇಂಟೆ: ಏಳಿಸೋದಾ, ಮೊಟ್ಟೆ ಕೊಡೋದಾ?

ಅಕ್ಕ, ನಿಮ್ಮ ಪೋಸ್ಟ್ ಈಗಷ್ಟೇ ನೋಡ್ದೆ, ಕೆಳಗೆ ಬಂದಿರೋ ಕಾಮೆಂಟೂ ಓದ್ದೆ. ಸೋಮವಾರಪೇಟೆ ಕಡೆ ಈ ಜಡಿಮಳೇಲಿ ನಿಮ್ಮ ನಾಟಿ ಹೇಂಟೆಗಳಲ್ಲಿ ಎರಡು ಕಾವು ಕೂತಿವೆ, ಮೊಟ್ಟೆ ಎಲ್ಲಾ ತೆಗೆದ್ರೂ ಖಾಲಿ ಬುಟ್ಟೀಲೇ ಕೂತಿವೆ, ಮೈ ಇಳೀತಿದೆ ಅಂತ ಬರ್ದಿದ್ದೀರ. ಅದಕ್ಕೆ ಒಬ್ರು ತಣ್ಣೀರಲ್ಲಿ ಮುಳುಗ್ಸಿ ಅಂದ್ರು, ಒಬ್ರು ಮೂಗಿಗೆ ಗರಿ ಚುಚ್ಚಿ ಅಂದ್ರು, ಇನ್ನೊಬ್ರು ಇದು ಹಾರ್ಮೋನ್ ಪ್ರಾಬ್ಲಂ, ಇಂಜೆಕ್ಷನ್ ಸಿಗತ್ತೆ ಅಂದ್ರು. ಉತ್ತರ ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಲ್ಲಿ ಓದಿ.

ನೀರಲ್ಲಿ ಮುಳುಗ್ಸೋದು ಬೇಡ್ವೇ ಬೇಡ. ಮೈಸೂರು ಕಡೆ ಏಪ್ರಿಲ್ ಬಿಸಿಲಲ್ಲಿ ಯಾರೋ ಮಾಡಿ ಕೋಳಿ ಬದುಕಿರಬಹುದು, ನಮ್ಮಲ್ಲಿ ಜುಲೈ ಚಳೀಲಿ ಒದ್ದೆಯಾದ ಗರಿ ಸಂಜೆವರೆಗೂ ಒಣಗಲ್ಲ, ಮೊದಲೇ ಸರಿಯಾಗಿ ಮೇಯದೆ ಸೊರಗಿರೋ ಕೋಳಿ, ಎದೆಗೆ ಶೀತ ಹಿಡಿದು ಸಾಯತ್ತೆ ಅಷ್ಟೆ. ಮೂಗಿಗೆ ಗರಿ ಚುಚ್ಚೋದು, ಕಾಲು ಕಟ್ಟೋದು, ಅನ್ನ ನೀರು ಕೊಡದೆ ಬುಟ್ಟಿ ಕವುಚಿ ಹಾಕೋದು ಇವೆಲ್ಲ ಹಿಂಸೆ ಬಿಟ್ರೆ ಬೇರೇನಿಲ್ಲ. ಕವುಚಿದ ಬುಟ್ಟಿ ಒಳಗೆ ಕತ್ತಲೆ, ಬೆಚ್ಚಗೆ, ಕೋಳಿಗೆ ಬೇಕಾಗಿದ್ದೇ ಅದು, ಇನ್ನೂ ಗಟ್ಟಿಯಾಗಿ ಕೂರತ್ತೆ.

ಹಾರ್ಮೋನ್ ಅಂದವರ ಮಾತು ಅರ್ಧ ಸರಿ. ಹಾರ್ಮೋನ್ ಹೌದು, ಪ್ರಾಬ್ಲಂ ಅಲ್ಲ. ಮೆದುಳಿನ ಅಡಿಯಲ್ಲಿ ಪಿಟ್ಯುಟರಿ ಅಂತ ಒಂದು ಪುಟಾಣಿ ಗ್ರಂಥಿ ಉಂಟಲ್ಲ, ಅದರ ಮುಂಭಾಗದಿಂದ ಬರೋ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಇದನ್ನೆಲ್ಲ ಮಾಡಿಸೋದು. 1928ರಲ್ಲಿ ಫ್ರಾನ್ಸಲ್ಲಿ ಪಿಟ್ಯುಟರಿ ರಸ ಚುಚ್ಚಿದ ಮೊಲಕ್ಕೆ ಹಾಲು ಬಂತು, ಹಾಗೆ ಗೊತ್ತಾಗಿದ್ದು ಇದು. ಆಮೇಲೆ ಅಮೆರಿಕದ ಆಸ್ಕರ್ ರಿಡಲ್ ಮತ್ತೆ ಅವರ ಜೊತೆಯವರು ಪಾರಿವಾಳದ ಮೇಲೆ ಕೆಲಸ ಮಾಡಿದ್ರು (ಪಾರಿವಾಳ ಗಂಡು ಹೆಣ್ಣು ಎರಡೂ ಗಂಟಲ ಚೀಲದಲ್ಲಿ ಹಾಲಿನಂಥದ್ದು ಮಾಡಿ ಮರಿಗೆ ಕುಡಿಸ್ತಾವೆ, ಅದೂ ಇದೇ ಹಾರ್ಮೋನಿಂದ), 1935ರಲ್ಲಿ ಅವರೇ ಮೊಟ್ಟೆ ಇಡ್ತಿದ್ದ ಕೋಳಿಗೆ ಪ್ರೊಲ್ಯಾಕ್ಟಿನ್ ಚುಚ್ಚಿ ಕಾವು ಕೂರೋ ಹಾಗೆ ಮಾಡಿ ತೋರಿಸಿದ್ರು.

ಈಗ ನಿಮ್ಮ ಬುಟ್ಟಿಗೆ ಬರೋಣ. ಹೇಂಟೆ ಹತ್ತು ಹದಿನೈದು ಮೊಟ್ಟೆ ಇಡ್ತಾ ಇಡ್ತಾ ಗೂಡಲ್ಲಿ ಕೂರೋ ಹೊತ್ತು ಜಾಸ್ತಿ ಆಗತ್ತೆ, ಪ್ರೊಲ್ಯಾಕ್ಟಿನ್ ಏರತ್ತೆ, ಅದು ಏರಿದ್ರೆ ಮೊಟ್ಟೆ ಬೆಳೆಸೋ ಎಲ್‌ಎಚ್ ಅನ್ನೋ ಇನ್ನೊಂದು ಪಿಟ್ಯುಟರಿ ಹಾರ್ಮೋನ್ ಇಳಿಯತ್ತೆ, ಅಂಡಾಶಯ ಕುಗ್ಗತ್ತೆ, ಮೊಟ್ಟೆ ನಿಲ್ಲತ್ತೆ, ಜುಟ್ಟಿನ ಕೆಂಪು ಮಾಸತ್ತೆ, ಹಸಿವು ಕಮ್ಮಿ ಆಗತ್ತೆ. ಹೊಟ್ಟೆ ಕೆಳಗಿನ ಗರಿ ಉದುರಿ ಚರ್ಮ ಬರಿದಾಗತ್ತೆ. ಕೈ ಇಟ್ಟು ನೋಡಿ, ಸುಡೋ ಹಾಗೆ ಬೆಚ್ಚಗಿರತ್ತೆ, ರಕ್ತ ಎಲ್ಲ ಅಲ್ಲಿಗೇ ಬಂದಿರತ್ತೆ, ಮೊಟ್ಟೆಗೆ ನೇರವಾಗಿ ಮೈ ತಾಗ್ಲಿ ಅಂತ.

ಮುಖ್ಯ ವಿಷಯ ಇಲ್ಲೇ ಇರೋದು. ಆ ಬರಿಹೊಟ್ಟೆಗೆ ಮೊಟ್ಟೆ ಅಥವಾ ಗೂಡು ತಾಗ್ತಾ ಇರೋವರೆಗೂ ಮೆದುಳಿಗೆ ಸುದ್ದಿ ಹೋಗ್ತಾನೇ ಇರತ್ತೆ, ಮೆದುಳು ಪಿಟ್ಯುಟರಿಗೆ ಇನ್ನೂ ಬಿಡು ಇನ್ನೂ ಬಿಡು ಅನ್ನತ್ತೆ. ಗೂಡು ಸೌದೆ ಇದ್ದ ಹಾಗೆ, ಅದನ್ನ ಒಲೇಲೇ ಬಿಟ್ಟು ಬೆಂಕಿಗೆ ಬೈದ್ರೆ ಆರಲ್ಲ. ಗೂಡಿಂದ ದೂರ ಇಟ್ರೆ ಪ್ರೊಲ್ಯಾಕ್ಟಿನ್ ತಾನಾಗೇ ಇಳಿಯತ್ತೆ, ಕೋಳಿಯನ್ನ ದಂಡಿಸೋ ಅಗತ್ಯವೇ ಇಲ್ಲ. ನೀವು ಮೊಟ್ಟೆ ತೆಗೆದ್ರಿ ಸರಿ, ಬುಟ್ಟಿ, ಹುಲ್ಲು, ಕತ್ತಲೆ ಮೂಲೆ ಎಲ್ಲ ಹಾಗೇ ಇದೆಯಲ್ಲ, ಅದಕ್ಕೇ ಏಳ್ತಿಲ್ಲ.

ಆದ್ರೆ ಒಂದು, ಕಾವು ಕೂತಿದೆಯೋ ಕಾಯಿಲೆ ಬಿದ್ದಿದೆಯೋ ಅಂತ ಮೊದ್ಲು ಖಾತ್ರಿ ಮಾಡ್ಕೊಳ್ಳಿ. ಕಾವು ಕೂತಿದ್ರೆ ಕೈ ಹಾಕಿದ ತಕ್ಷಣ ಗರಿ ಉಬ್ಬಿಸಿ ಕೊರ್ರ್ ಅಂತ ಬೈದು ಕುಕ್ಕತ್ತೆ, ಕಣ್ಣು ಚುರುಕಾಗಿರತ್ತೆ. ದಿನಕ್ಕೆ ಒಂದ್ಸಲ ಇಳಿದು ಗಬಗಬ ತಿಂದು ನೀರು ಕುಡಿದು ಒಂದು ದೊಡ್ಡ ಮುದ್ದೆಯಷ್ಟು ಹಿಕ್ಕೆ ಹಾಕಿ, ಆ ನಾತ ಗೊತ್ತಲ್ಲ, ಮತ್ತೆ ಓಡಿ ಹೋಗಿ ಕೂರತ್ತೆ. ತಲೆ ಜೋಲು ಹಾಕ್ಕೊಂಡು, ಮುಟ್ಟಿದ್ರೂ ಸುಮ್ನಿದ್ದು, ಹಸಿರು ಹಿಕ್ಕೆ ಹಾಕ್ತಿದ್ರೆ ಅದು ಕಾವಲ್ಲ, ಬೇರೆ ಕೋಳಿಗಳಿಂದ ಬೇರ್ಪಡಿಸಿ ಪಶು ಆಸ್ಪತ್ರೆಗೆ ಫೋನ್ ಮಾಡಿ.

ಕಾವೇ ಅಂತ ಗೊತ್ತಾದ್ರೆ ಬಿಡಿಸೋದು ಹೀಗೆ. ಅಡಿಯಲ್ಲೂ ತಂತಿ ಮೆಶ್ ಇರೋ ಒಂದು ಪಂಜರ ಬೇಕು. ಇಲ್ಲಾಂದ್ರೆ ಹಳೇ ಮರದ ಪೆಟ್ಟಿಗೆಯ ತಳ ಕಿತ್ತು ಗಟ್ಟಿ ಮೆಶ್ ಹೊಡೀರಿ, ಕಣ್ಣು ಕೋಳಿ ಕಾಲು ಸಿಕ್ಕಿಹಾಕ್ಕೊಳ್ಳದಷ್ಟು ಸಣ್ಣದಿರ್ಲಿ. ಅದನ್ನ ನಾಲ್ಕು ಇಟ್ಟಿಗೆ ಮೇಲೆ ಎತ್ತರಿಸಿ ಇಡಿ, ಅಡಿಯಿಂದ ಗಾಳಿ ಆಡ್ಬೇಕು, ಹೊಟ್ಟೆ ತಣ್ಣಗಾಗ್ಬೇಕು. ಒಳಗೆ ಹುಲ್ಲು ಗೋಣಿ ಏನೂ ಬೇಡ. ಕುಡಿಯೋ ನೀರು, ಜೋಳ, ಭತ್ತ, ರಾಗಿ, ದಿನಾ ಹಾಕೋ ಫೀಡ್ ಎಲ್ಲ ಧಾರಾಳ ಕೊಡಿ, ಹೊಟ್ಟೆಗೆ ಹಾಕದೆ ಇದ್ರೆ ಕಾವು ಬಿಟ್ಮೇಲೂ ಮೊಟ್ಟೆಗೆ ಬರೋದು ತಡ ಆಗತ್ತೆ. ಜಾಗ ಬೆಳಕಿರೋ ಕಡೆ, ಉಳಿದ ಕೋಳಿ ಓಡಾಡೋದು ಕಾಣೋ ಹಾಗೆ. ಮಳೆ ಎರಚಲು ಬೀಳಬಾರದು, ಕಾಫಿ ಕಣದ ಪಕ್ಕದ ಶೆಡ್ಡೋ ಹಿಂದಿನ ಜಗಲಿಯೋ ಆಗತ್ತೆ. ತಣ್ಣನೆ ಗಾಳಿ ಬೇರೆ, ಒದ್ದೆ ಬೇರೆ, ಇದನ್ನ ಗಮನದಲ್ಲಿ ಇಟ್ಕೊಳ್ಳಿ. ರಾತ್ರಿ ಅಲ್ಲೇ ಬಿಡೋದಾದ್ರೆ ಬಾಗಿಲು ಭದ್ರ ಇರ್ಲಿ, ಕಾಡುಬೆಕ್ಕು, ಪುನುಗು ಬೆಕ್ಕು ನಿಮ್ಮ ಕಡೆ ಕಮ್ಮಿ ಏನಿಲ್ಲ.

ಈಗಷ್ಟೇ ಕೂತ ಕೋಳಿ ಆದ್ರೆ ಎರಡು ಮೂರು ದಿನ ಸಾಕು. ವಾರಗಟ್ಲೆ ಕೂತಿದ್ರೆ ಐದಾರು ದಿನ, ಒಂದೊಂದು ಹಟಮಾರಿ ಇನ್ನೂ ಜಾಸ್ತಿ ತಗೊಳತ್ತೆ. ಬೆಳಿಗ್ಗೆ ಹೊರಗೆ ಬಿಟ್ಟು ನೋಡಿ, ಸೀದಾ ಹಳೇ ಬುಟ್ಟಿ ಹುಡುಕ್ಕೊಂಡು ಹೋದ್ರೆ ವಾಪಸ್ ಪಂಜರಕ್ಕೆ, ಕೆರೆದು ಮೇಯೋಕೆ ಶುರು ಮಾಡಿದ್ರೆ ಮುಗೀತು. ಅಷ್ಟರೊಳಗೆ ಆ ಹಳೇ ಬುಟ್ಟಿ ಎತ್ತಿಟ್ಟಿರಬೇಕು. ಅಟ್ಟ, ಗೋಣಿ ಚೀಲದ ಸಂದಿ, ಸೌದೆ ಕೊಟ್ಟಿಗೆಯ ಹಿಂದೆ ಇಂಥಾ ಕತ್ತಲೆ ಜಾಗಕ್ಕೆಲ್ಲ ಏನಾದ್ರೂ ಅಡ್ಡ ಇಡಿ. ಕಾವು ಬಿಟ್ಟ ಮಾರನೇ ದಿನವೇ ಮೊಟ್ಟೆ ಸಿಗಲ್ಲ, ಕುಗ್ಗಿದ ಅಂಡಾಶಯ ಮತ್ತೆ ಹಳದಿ ಬೆಳೆಸ್ಬೇಕಲ್ಲ, ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಜುಟ್ಟು ಕೆಂಪಗಾಗ್ತಾ ಬಂದ್ರೆ ದಾರಿಗೆ ಬಂತು ಅಂತ ಲೆಕ್ಕ.

ಆ ಬುಟ್ಟಿಯ ಹುಲ್ಲನ್ನ ಮಾತ್ರ ಎಸೀಬೇಡಿ, ಸುಟ್ಟು ಬಿಡಿ. ಕಾವು ಕೂತ ಕೋಳಿ ಮಣ್ಣು ಸ್ನಾನ ಸರಿಯಾಗಿ ಮಾಡಲ್ಲ, ಹೇನು ತುಂಬಿರತ್ತೆ, ಬುಟ್ಟಿ ಸಂದೀಲಿ ಹಗಲು ಅಡಗಿ ರಾತ್ರಿ ರಕ್ತ ಹೀರೋ ಕೆಂಪು ಹುಳನೂ ಇರತ್ತೆ. ಮೈ ಇಳಿದಿದ್ದಕ್ಕೆ ಅದೂ ಒಂದು ಕಾರಣ ಇರಬಹುದು, ರೆಕ್ಕೆ ಕೆಳಗೆ, ಬಾಲದ ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿ. ಒಲೆಯ ಒಣಗಿದ ಬೂದಿಯನ್ನ ಒಂದು ಬಾಣಲೇಲಿ ಮಳೆ ಬೀಳದ ಕಡೆ ಇಟ್ರೆ ತಾವೇ ಹೊರಳಾಡ್ತಾವೆ.

ಇನ್ನು ಬಿಡಿಸ್ಬೇಕಾ, ಮೊಟ್ಟೆ ಇಟ್ಟು ಮರಿ ಮಾಡಿಸ್ಬೇಕಾ ಅನ್ನೋದು. ನನ್ನ ಅಭಿಪ್ರಾಯ ಕೇಳಿದ್ರೆ ಜೂನ್ ಜುಲೈ ಆಗಸ್ಟಲ್ಲಿ ಕೂತಿದ್ದನ್ನ ಬಿಡಿಸಿ, ಕೈಲ್ ಪೊಳ್ದ್ (ಸೆಪ್ಟೆಂಬರ್ ಶುರುವಲ್ಲಿ ಬರೋ ಕೊಡವರ ಹಬ್ಬ) ಕಳೆದ ಮೇಲೆ ಕೂತಿದ್ದನ್ನ ಬಳಸ್ಕೊಳ್ಳಿ. ಈ ಮಳೇಲಿ ಮರಿ ಒಡೆದ್ರೆ ಹೊರಗೆ ಮೇಯೋಕೆ ಬಿಡೋ ಹಾಗಿಲ್ಲ, ಒದ್ದೆ ನೆಲದಲ್ಲಿ ರಕ್ತಭೇದಿ ಬಂದು ಸಾಲುಸಾಲಾಗಿ ಹೋಗ್ತಾವೆ, ತಾಯಿ ಎಷ್ಟು ಅಂತ ಬೆಚ್ಚಗೆ ಇಟ್ಕೊಳತ್ತೆ. ಅದೇ ಸೆಪ್ಟೆಂಬರ್ ಕೊನೆ ಅಕ್ಟೋಬರಲ್ಲಿ ಒಡೆದ ಮರಿಗೆ ಮುಂದೆ ಬಿಸಿಲು, ಹುಳ ಹುಪ್ಪಟೆ, ಭತ್ತ ಕುಯ್ದ ಗದ್ದೆ ಎಲ್ಲಾ ಸಿಗತ್ತೆ. ಆಗ ಈ ಹಾರ್ಮೋನೇ ನಮಗೆ ಕರೆಂಟ್ ಬೇಡದ ಇನ್‌ಕ್ಯುಬೇಟರ್, ಕೊಡಗಲ್ಲಿ ಕರೆಂಟ್ ಕತೆ ನಿಮಗೂ ಗೊತ್ತಲ್ಲ.

ಮೊಟ್ಟೆ ಕೊಡೋದಾದ್ರೆ ಹುಂಜ ಜೊತೇಲಿರೋ ಹೇಂಟೆಯದ್ದು, ಇಟ್ಟು ಒಂದು ವಾರದ ಒಳಗಿಂದು, ಫ್ರಿಜ್ಜಲ್ಲಿ ಇಡದೇ ಇರೋದು. ಹತ್ತು ಹನ್ನೆರಡು ಸಾಕು, ಚಳಿಗಾಲದಲ್ಲಿ ಎರಡು ಕಮ್ಮಿನೇ ಇಡಿ, ಹೊಟ್ಟೆಯಿಂದ ಆಚೆ ಉಳಿದ ಮೊಟ್ಟೆ ತಣ್ಣಗಾಗಿ, ಕೋಳಿ ಅದನ್ನ ಕೊಕ್ಕಲ್ಲಿ ಒಳಗೆ ಎಳ್ಕೊಂಡು ಬೇರೆದನ್ನ ಹೊರಗೆ ತಳ್ಳಿ ಕೊನೆಗೆ ಎಲ್ಲವೂ ಹಾಳು. ಎಲ್ಲಾ ಒಂದೇ ರಾತ್ರಿ ಇಡಿ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದ್ರೆ ರಕ್ತನಾಳ ಜೇಡರ ಬಲೆ ಥರ ಕಾಣತ್ತೆ, ಕಾಣದೇ ಇದ್ದಿದ್ದನ್ನ ತೆಗೀರಿ. 21 ದಿನಕ್ಕೆ ಮರಿ. ಕೋಳಿಗೆ 21 ಅಂತ ಲೆಕ್ಕ ಗೊತ್ತಿಲ್ಲ, ಹೊಟ್ಟೆಗೆ ಮೊಟ್ಟೆ ತಾಗ್ತಿರೋವರೆಗೂ ಕೂರತ್ತೆ, ಅದಕ್ಕೇ 28 ದಿನ ಬೇಕಾಗೋ ಬಾತುಕೋಳಿ ಮೊಟ್ಟೆನೂ ಅದರ ಕೆಳಗೆ ಒಡೆಯತ್ತೆ. ಮರಿ ಒಡೆದ ಮೇಲೆ ಪ್ರೊಲ್ಯಾಕ್ಟಿನ್ ಬೇಗ ಇಳಿಯತ್ತೆ, ಆದ್ರೂ ಮರಿ ಜೊತೇಲಿರೋ ಅಷ್ಟು ವಾರ ಮೊಟ್ಟೆ ನಿರೀಕ್ಷೆ ಮಾಡ್ಬೇಡಿ.

ಇನ್ನೊಂದು ಉಪಾಯ, ಗಿರಿರಾಜನೋ ಸ್ವರ್ಣಧಾರಾನೋ ಒಂದು ದಿನದ ಮರಿ ತರೋರು ಮರಿ ಬೆಚ್ಚಗಿಡೋ ಬ್ರೂಡರ್ ಬಲ್ಬ್ ಬದಲು ಎರಡು ಮೂರು ವಾರ ಕೂತ ನಾಟಿ ಹೇಂಟೆ ಕೆಳಗೆ ರಾತ್ರಿ ಹೊತ್ತು ಮರಿ ತೂರಿಸಿ ಮೊಟ್ಟೆ ತೆಗೀಬಹುದು, ಹೆಚ್ಚಿನ ಹೇಂಟೆ ಬೆಳಿಗ್ಗೆ ತನ್ನದೇ ಅಂತ ಸಾಕತ್ತೆ. ಬೆಳಗಾಗ್ತಿದ್ದ ಹಾಗೆ ಹತ್ರ ಕೂತು ನೋಡಿ, ಕುಕ್ಕಿದ್ರೆ ತಕ್ಷಣ ತೆಗೆದುಬಿಡಿ. ಆ ಸುಧಾರಿತ ತಳಿಗಳು ತಾವಾಗಿ ಕಾವು ಕೂರೋದು ಕಮ್ಮಿ, ಲೆಗ್‌ಹಾರ್ನ್ ಅಂತೂ ಕೂರೋದೇ ಅಪರೂಪ, ಮೊಟ್ಟೆಗೋಸ್ಕರ ತಲೆಮಾರಿಂದ ತಲೆಮಾರಿಗೆ ಕಾವು ಕೂರದೇ ಇರೋದನ್ನೇ ಆರಿಸಿ ಆರಿಸಿ ಮಾಡಿದ್ದು ಅದು. ನಾಟಿ ಬೇಕು, ಕಾವೂ ಕೂರಬಾರದು, ವರ್ಷಕ್ಕೆ ಇನ್ನೂರು ಮೊಟ್ಟೆನೂ ಬೇಕು ಅಂದ್ರೆ ಆಗಲ್ಲ ಅಕ್ಕ. ಕಮ್ಮಿ ಮಾಡ್ಬೇಕಂದ್ರೆ ದಿನಾ ಮೊಟ್ಟೆ ತೆಗೀರಿ, ಗೂಡಲ್ಲಿ ಗುಡ್ಡೆ ಬಿದ್ದಷ್ಟೂ ಕೂರೋ ಆಸೆ ಜಾಸ್ತಿ.

ಇಂಜೆಕ್ಷನ್ ವಿಷಯ. ಬ್ರೋಮೋಕ್ರಿಪ್ಟಿನ್ ಅನ್ನೋ ಔಷಧ ಪ್ರೊಲ್ಯಾಕ್ಟಿನ್ ಇಳಿಸತ್ತೆ, ಬೆಂಗಳೂರು ಆಡುಗೋಡಿಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಕೋಳಿಗಳ ಮೇಲೆ ಪ್ರಯೋಗ ಮಾಡಿ ಮೊಟ್ಟೆಯ ನಡುವಿನ ಬಿಡುವು ಕಮ್ಮಿ ಆಗೋದನ್ನ ನೋಡಿದ್ದಾರೆ. ಅದು ಸಂಶೋಧನೆ. ಮನೆ ಕೋಳಿಗೆ ಮನುಷ್ಯರ ಮಾತ್ರೆ ಪುಡಿ ಮಾಡಿ ಹಾಕೋಕೆ ಹೋಗ್ಬೇಡಿ, ಮೆಶ್ ಪಂಜರ ಮಾಡೋ ಕೆಲಸಕ್ಕೆ ಔಷಧ ಯಾಕೆ. ಇನ್ನೊಬ್ರು ಹಸುಗೆ ಹಾಲು ಇಳಿಸೋಕೆ ಹಾಕ್ತಾರಲ್ಲ ಅದೇನಾ ಅಂದಿದ್ರು, ಅಲ್ಲ, ಅದು ಆಕ್ಸಿಟೋಸಿನ್, ಪಿಟ್ಯುಟರಿಯ ಹಿಂಭಾಗದಿಂದ ಬರೋದು, ಕೆಚ್ಚಲಲ್ಲಿ ಆಗಲೇ ಇರೋ ಹಾಲನ್ನ ಹೊರಗೆ ತಳ್ಳತ್ತೆ. ಹಾಲು ತಯಾರಾಗೋದರಲ್ಲಿ ಪ್ರೊಲ್ಯಾಕ್ಟಿನ್ ಪಾತ್ರ. ಡಾಕ್ಟರ್ ಹೇಳದೆ ಆಕ್ಸಿಟೋಸಿನ್ ದಿನಾ ಚುಚ್ಚೋದು ಹಸುಗೂ ಒಳ್ಳೇದಲ್ಲ, ಕಾನೂನಿಗೂ ವಿರುದ್ಧ.

ಕೊನೇಗೆ ಸಿದ್ದಾಪುರದ ಮೇಡಂ ಕೇಳಿದ್ದು. ಅವರ ತಂಗಿಗೆ ಮುಟ್ಟು ಏರುಪೇರು, ರಕ್ತ ಪರೀಕ್ಷೇಲಿ ಪ್ರೊಲ್ಯಾಕ್ಟಿನ್ ಜಾಸ್ತಿ ಬಂದಿದೆ, ಕಾವು ಕೂತ ಕೋಳಿ ಸಾರು ತಿಂದಿದ್ದಕ್ಕಾ ಅಂತ. ಖಂಡಿತ ಅಲ್ಲ ಮೇಡಂ. ಪ್ರೊಲ್ಯಾಕ್ಟಿನ್ ಒಂದು ಪ್ರೋಟೀನ್, ಬೆಂದು, ಹೊಟ್ಟೇಲಿ ಜೀರ್ಣ ಆಗಿ ಹೋಗತ್ತೆ. ಆದ್ರೆ ಹೆಂಗಸರಲ್ಲೂ ಕೆಲಸ ಹೆಚ್ಚು ಕಮ್ಮಿ ಹೀಗೇ, ಬಾಣಂತಿ ಮಗುಗೆ ಹಾಲು ಕುಡಿಸೋವಾಗ ಏರತ್ತೆ, ಅದಕ್ಕೇ ಆಗ ಮುಟ್ಟು ತಡ ಆಗೋದು. ಮಗು ಇಲ್ಲದೆ ಏರಿದ್ರೆ ಮುಟ್ಟು ತಪ್ಪೋದು, ಗರ್ಭ ನಿಲ್ಲದೇ ಇರೋದು, ಎದೇಲಿ ಹಾಲು ಜಿನುಗೋದು ಆಗಬಹುದು. ಬಸುರಿ ಅಲ್ಲದವರಿಗೆ ಬಹಳಷ್ಟು ಲ್ಯಾಬಲ್ಲಿ ಮೇಲಿನ ಮಿತಿ ಮಿಲಿಲೀಟರಿಗೆ ಸುಮಾರು 25 ನ್ಯಾನೋಗ್ರಾಂ. ಸೂಜಿ ಹೆದರಿಕೆಗೂ ನಿದ್ದೆಗೂ ಅದು ಏರತ್ತೆ, ಸ್ವಲ್ಪವೇ ಜಾಸ್ತಿ ಇದ್ರೆ ಎದ್ದು ಎರಡು ಮೂರು ಗಂಟೆ ಬಿಟ್ಟು, ಸಮಾಧಾನದಲ್ಲಿ ಕೂತು ಇನ್ನೊಂದ್ಸಲ ಪರೀಕ್ಷೆ ಮಾಡ್ಸಬಹುದಾ ಅಂತ ಡಾಕ್ಟರನ್ನ ಕೇಳಿ. ಥೈರಾಯ್ಡ್ ಕಮ್ಮಿ ಇದ್ರೂ ಏರತ್ತೆ. ಇನ್ನೊಂದು, ಗ್ಯಾಸ್ಟ್ರಿಕ್‌ಗೆ ಅಂತ ಜನ ತಿಂಗಳುಗಟ್ಲೆ ನುಂಗೋ ಕೆಲವು ಕ್ಯಾಪ್ಸೂಲಲ್ಲಿ ಡೊಂಪೆರಿಡೋನ್ ಸೇರಿರತ್ತೆ, ಅದೂ ಪ್ರೊಲ್ಯಾಕ್ಟಿನ್ ಏರಿಸತ್ತೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳೂ ಅಷ್ಟೇ. ಹಾಗಂತ ತಾವಾಗಿ ನಿಲ್ಲಿಸೋದು ಬೇಡ, ಮಾತ್ರೆ ಸ್ಟ್ರಿಪ್ಪುಗಳನ್ನೆಲ್ಲ ತಗೊಂಡು ಹೋಗಿ ತೋರಿಸ್ಲಿ. ಜೊತೆಗೆ ತಲೆನೋವು, ಕಣ್ಣು ಪಕ್ಕಕ್ಕೆ ಮಂಜಾಗೋದು ಇದ್ರೆ ಮಾತ್ರ ಕಾಯಬೇಡಿ, ಪಿಟ್ಯುಟರಿಯಲ್ಲಿ ಗಡ್ಡೆ ಇರಬಹುದು, ಅದಕ್ಕೂ ಮಾತ್ರೇಲೇ ಹೆಚ್ಚಿನವರಿಗೆ ಗುಣ ಕಾಣತ್ತೆ, ಆಪರೇಷನ್ ಅಂತ ಈಗಲೇ ಹೆದರೋದು ಬೇಡ.

ಅಕ್ಕ, ನಿಮ್ಮ ಎರಡು ಹೇಂಟೇನೂ ಒಂದೇ ಪಂಜರಕ್ಕೆ ಹಾಕಿದ್ರೆ ಕಚ್ಚಾಡದೆ ಇರೋಷ್ಟು ಜಾಗ ಇರ್ಲಿ. ಮೆಶ್ ಗೋಣಿಕೊಪ್ಪದಲ್ಲೂ ಕುಶಾಲನಗರದಲ್ಲೂ ಹಾರ್ಡ್‌ವೇರ್ ಅಂಗಡೀಲಿ ಅಡಿ ಲೆಕ್ಕದಲ್ಲಿ ಸಿಗತ್ತೆ, ಪೂರ್ತಿ ರೋಲ್ ತಗೋಬೇಡಿ.