ಪ್ರಶ್ನೋತ್ತರ: ತಡಮೆ, ಕಾಲುಸಂಕ ಮತ್ತು ಸೈಕಲ್ ನಕ್ಷೆ

ಪ್ರಶ್ನೆ: ನಾವು ಆರೇಳು ಮಂದಿ ಭಾನುವಾರ ಕಾಸರಗೋಡಿನ ನೀರ್ಚಾಲು, ಪೆರ್ಲ ಕಡೆ ಸೈಕಲ್ ಹೊಡೆಯುತ್ತೇವೆ. ಒಳದಾರಿಗಳ ನಕ್ಷೆಯನ್ನು ಎಲ್ಲರೂ ಸೇರಿ ಮಾಡಬೇಕೆಂದಿದ್ದೇವೆ. ಗೂಗಲ್‌ನ ಮೈ ಮ್ಯಾಪ್ಸ್ ಸಾಕೇ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪೇ ಬೇಕೇ? (ಓದುಗರು, ಬದಿಯಡ್ಕ)

ಉತ್ತರ: ದಾರಿ ಬೇರೆ, ಸವಾರಿ ಬೇರೆ. ಮೈ ಮ್ಯಾಪ್ಸ್‌ನಲ್ಲಿ ಎಳೆದ ಗೆರೆ ಬರೀ ಚಿತ್ರ. ನೀವು ಹೊಸ ದಾರಿ ಗುರುತಿಸಿದಿರಿ ಎಂದು ಯಾವ ಆ್ಯಪೂ ಆ ದಾರಿಯಲ್ಲಿ ಕರೆದೊಯ್ಯುವುದಿಲ್ಲ. ದಾರಿ ಎಲ್ಲಿದೆ, ಡಾಮರೋ ಮಣ್ಣೋ ಎನ್ನುವುದೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗಲಿ. ಅಲ್ಲಿ ಒಮ್ಮೆ ಸೇರಿಸಿದರೆ ಆಸ್‌ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಫೋನ್ ಆ್ಯಪ್‌ಗಳು, ಸೈಕಲಿಗರಿಗೆಂದೇ ಇರುವ ಸೈಕ್ಲ್‌ಓಎಸ್‌ಎಂ ನಕ್ಷೆ ಎಲ್ಲದಕ್ಕೂ ಸಿಗುತ್ತದೆ. ‘ನಮ್ಮ ಭಾನುವಾರದ ಸುತ್ತು’ ಎಂಬುದನ್ನು ಮಾತ್ರ ಅಲ್ಲಿ ಸೈಕಲ್ ರೂಟ್ ಎಂದು ಹಾಕಬೇಡಿ. ಅದು ದಾರಿಯಲ್ಲಿ ಫಲಕವಿರುವ ಮಾರ್ಗಗಳಿಗೆ. ನಿಮ್ಮ ಸುತ್ತಿಗೆ ಯುಮ್ಯಾಪ್ ಒಳ್ಳೆಯದು, ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಿಮ್ಮದೇ ಗೆರೆ ಎಳೆದಿಡುವ ಜಾಲತಾಣ ಅದು. ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆಯಿಂದಲೇ ಲಾಗಿನ್ ಆಗಿ ಉಳಿದವರನ್ನು ಎಡಿಟರ್ ಆಗಿ ಸೇರಿಸಿಕೊಳ್ಳಿ. ಲಾಗಿನ್ ಆಗದೆ ಮಾಡಿದರೆ ತಿದ್ದುವುದಕ್ಕೆ ಒಂದು ಗುಟ್ಟಿನ ಲಿಂಕ್ ಕೊಡುತ್ತದೆ, ಅದು ಕಳೆದರೆ ನಕ್ಷೆ ಕೈಬಿಟ್ಟಂತೆಯೇ.

ಪ್ರಶ್ನೆ: ಫೋನಿನಲ್ಲಿ ದಾಖಲಿಸಿದ ಗೆರೆ ಅಡಕೆ ತೋಟದೊಳಗೆ ಹಾವಿನಂತೆ ಹೊರಳುತ್ತದೆ. ಕೆಲವು ಕಡೆ ತಿರುವನ್ನೇ ಬಿಟ್ಟು ನೇರ ಗುಡ್ಡೆ ಹತ್ತುತ್ತದೆ. ಫೋನ್ ಹಾಳಾಗಿದೆಯೇ? (ಓದುಗರು, ಮುಳ್ಳೇರಿಯ)

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ತಿರುವು ಮಾಯವಾಗುವುದು ದಾಖಲೆಯ ಅಂತರದಿಂದ. ಗಂಟೆಗೆ 15 ಕಿ.ಮೀ. ವೇಗದಲ್ಲಿ 30 ಸೆಕೆಂಡಿಗೊಮ್ಮೆ ಬಿಂದು ಹಾಕಿದರೆ ಎರಡು ಬಿಂದುಗಳ ನಡುವೆ 125 ಮೀಟರ್. ಅಷ್ಟರಲ್ಲಿ ನಮ್ಮ ಓಣಿ ಎರಡು ಸಲ ತಿರುಗಿರುತ್ತದೆ. ಆಸ್‌ಮ್ಯಾಂಡ್‌ನ ಟ್ರಿಪ್ ರೆಕಾರ್ಡಿಂಗ್‌ನಲ್ಲಿ ಅಂತರವನ್ನು 2 ಸೆಕೆಂಡಿಗೆ ಇಳಿಸಿ, ಆಗ ಸುಮಾರು 8 ಮೀಟರಿಗೊಂದು ಬಿಂದು ಸಿಗುತ್ತದೆ. ಕಿಸೆಯಲ್ಲಿಟ್ಟ ಮೇಲೆ ದಾಖಲೆ ನಿಂತೇ ಹೋಗುತ್ತಿದ್ದರೆ ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮಲಗಿಸುತ್ತಿದೆ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಬಳಕೆಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ.

ಹೊರಳಾಟಕ್ಕೆ ಕಾರಣ ಮರಗಳು. ಬಯಲಲ್ಲಿ ಐದು ಮೀಟರಿನೊಳಗೆ ನಿಲ್ಲುವ ತಪ್ಪು, ಸೋಗೆಯ ಕೆಳಗೆ ಹತ್ತು ಹದಿನೈದಕ್ಕೆ ಏರುತ್ತದೆ. ಮಳೆ ಬಂದು ಎಲೆ ಒದ್ದೆಯಾದರೆ ಇನ್ನಷ್ಟು. ಉಪಗ್ರಹ ಚಿತ್ರವೂ ಇಲ್ಲಿ ಕೈಕೊಡುತ್ತದೆ, ಅದರಲ್ಲಿ ಕಾಣುವುದು ಅಡಕೆಯ ತಲೆ ಮಾತ್ರ. ಹಾಗಾಗಿ ಒಂದೇ ದಾರಿಯನ್ನು ಬೇರೆ ಬೇರೆ ದಿನ ಮೂವರು ದಾಖಲಿಸಿ. ಮೂರೂ ಜಿಪಿಎಕ್ಸ್ ಕಡತಗಳನ್ನು (ದಾಖಲಿಸಿದ ಗೆರೆ ಇರುವ ಕಡತ) ಬ್ರೌಸರ್‌ನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತಿದ್ದುವ ಐಡಿ ಎಡಿಟರ್‌ಗೆ ಎಳೆದುಹಾಕಿ, ನಡುವೆ ಗೆರೆ ಎಳೆಯಿರಿ. ಅದಕ್ಕೂ ಮೊದಲು, ಮರವಿಲ್ಲದ ಪಾರೆಯ ಮೇಲೆ ನಿಮ್ಮ ಗೆರೆ ಮತ್ತು ಚಿತ್ರದ ದಾರಿ ಕೂಡುತ್ತವೆಯೇ ನೋಡಿ. ಮೂರೂ ಗೆರೆಗಳು ಒಂದೇ ಬದಿಗೆ ಸರಿದಿದ್ದರೆ ಸರಿದಿರುವುದು ಚಿತ್ರ. ಬಿ ಕೀಲಿ ಒತ್ತಿ, ಹಿನ್ನೆಲೆಯ ಆಫ್‌ಸೆಟ್ (ಚಿತ್ರ ಸರಿದಿರುವ ಅಳತೆ) ಸರಿಪಡಿಸಿ.

ಗೆರೆಯ ತುದಿ ರಸ್ತೆಯ ಬಿಂದುವಿಗೇ ಅಂಟಿರಬೇಕು. ಕಣ್ಣಿಗೆ ಮುಟ್ಟಿದಂತೆ ಕಂಡು ಒಂದು ಮೀಟರ್ ಬಿಟ್ಟಿದ್ದರೂ ಆ್ಯಪಿನ ಪಾಲಿಗೆ ಅಲ್ಲಿ ದಾರಿಯೇ ಇಲ್ಲ.

ಪ್ರಶ್ನೆ: ಕಾಲುಸಂಕ, ತಡಮೆ (ಬೇಲಿ ದಾಟುವ ಮೆಟ್ಟಿಲು), ತೋಡಿಗೆ ಬೇಸಗೆಯಲ್ಲಿ ಹಾಕುವ ಕಟ್ಟ ಇವನ್ನೆಲ್ಲ ಹೇಗೆ ಗುರುತಿಸುವುದು? (ಓದುಗರು, ಏತಡ್ಕ)

ಉತ್ತರ: ತೋಡು ದಾಟುವಷ್ಟು ತುಂಡನ್ನು ಎಕ್ಸ್ ಕೀಲಿಯಿಂದ ಕತ್ತರಿಸಿ, ಆ ತುಂಡಿಗೆ ‘ಬ್ರಿಡ್ಜ್=ಯೆಸ್’, ‘ಲೇಯರ್=1’ ಎಂಬ ಟ್ಯಾಗ್ (ಇಂಗ್ಲಿಷಿನಲ್ಲೇ ಬರೆಯುವ ಗುರುತುಪದ) ಕೊಡಿ. ಇಳಿದು ತಳ್ಳಿಕೊಂಡು ಹೋಗುವಂತಿದ್ದರೆ ‘ಬೈಸಿಕಲ್=ಡಿಸ್‌ಮೌಂಟ್’. ಎರಡೇ ಅಡಕೆ ಮರದ ಸಂಕವಾಗಿ ಸೈಕಲನ್ನು ಹೆಗಲಿಗೆ ಹಾಕಬೇಕಾದರೆ ‘ಬೈಸಿಕಲ್=ನೋ’ ಎನ್ನುವುದೇ ಪ್ರಾಮಾಣಿಕ. ತಡಮೆಗೆ ಹೆಸರು ಹುಡುಕಬೇಕಿಲ್ಲ, ‘ಬ್ಯಾರಿಯರ್=ಸ್ಟೈಲ್’ ಅದೇ. ಕಟ್ಟದ ಮೇಲಿನ ದಾಟು ನೀರು ನಿಲ್ಲಿಸಿದ ತಿಂಗಳುಗಳಲ್ಲಿ ಮಾತ್ರ ಇರುವುದರಿಂದ ‘ಬೈಸಿಕಲ್:ಕಂಡೀಶನಲ್=ನೋ @ (ಜೂನ್-ನವೆಂಬರ್)’ ಎಂದು ಬರೆಯಿರಿ; ಕಂಸದೊಳಗೆ ತಿಂಗಳ ಹೆಸರು ಇಂಗ್ಲಿಷಿನ ಮೂರಕ್ಷರದಲ್ಲಿರಬೇಕು. ಮನೆಯ ಏರುದಾರಿಗೆ ಚಕ್ರಕ್ಕೆ ಬೇಕಾದಷ್ಟೇ ಎರಡು ಪಟ್ಟಿ ಕಾಂಕ್ರೀಟ್ ಹಾಕಿರುತ್ತಾರಲ್ಲ, ಅದಕ್ಕೂ ಟ್ಯಾಗ್ ಇದೆ: ‘ಸರ್ಫೇಸ್=ಕಾಂಕ್ರೀಟ್:ಲೇನ್ಸ್’. ಅದು ಒಬ್ಬರ ಅಂಗಳದಲ್ಲೇ ಮುಗಿಯುವುದಾದರೆ ‘ಆಕ್ಸೆಸ್=ಪ್ರೈವೇಟ್’ ಸೇರಿಸಿ, ಇಲ್ಲವಾದರೆ ಅವರ ನಾಯಿಯೇ ನಕ್ಷೆ ನೋಡಿ ಬಂದವರಿಗೆ ತಿಳಿಸುತ್ತದೆ.

ಪ್ರಶ್ನೆ: ಕುಂಬಳೆ ಎಂದು ಬರೆದರೆ ಇನ್ನೊಬ್ಬರು ಮಲಯಾಳದಲ್ಲಿ ತಿದ್ದುತ್ತಾರೆ. ಏನು ಮಾಡುವುದು? (ಓದುಗರು, ಕುಂಬಳೆ)

ಉತ್ತರ: ಜಗಳ ಬೇಡ, ಜಾಗ ಎಲ್ಲರಿಗೂ ಇದೆ. ಕನ್ನಡ ರೂಪ ‘ನೇಮ್:ಕೆಎನ್’, ಮಲಯಾಳದ್ದು ‘ನೇಮ್:ಎಂಎಲ್’, ತುಳುವಿನದ್ದು ‘ನೇಮ್:ಟಿಸಿವೈ’. ಹೊಸದುರ್ಗದಂಥ ಕಡೆ ಇದು ಇನ್ನೂ ಮುಖ್ಯ, ಕನ್ನಡದ ಹೆಸರಿಗೂ ಮಲಯಾಳದ ಕಾಞ್ಞಂಗಾಡಿಗೂ ಅಕ್ಷರದ ನಂಟೇ ಇಲ್ಲ. ಹೆಸರನ್ನು ಫಲಕ ನೋಡಿ, ಊರವರನ್ನು ಕೇಳಿ ಬರೆಯಿರಿ. ಗೂಗಲ್ ನಕ್ಷೆಯಿಂದ ನಕಲು ಮಾಡಿದರೆ ಪರವಾನಗಿಯ ಉಲ್ಲಂಘನೆ, ಗೊತ್ತಾದೊಡನೆ ಅಳಿಸಿಹಾಕುತ್ತಾರೆ.

ಪ್ರಶ್ನೆ: ರಾಷ್ಟ್ರೀಯ ಹೆದ್ದಾರಿ 66ನ್ನು ಗೋಡೆ ಇರುವಲ್ಲೇ ದಾಟಿ ಎನ್ನುತ್ತದೆ ಆ್ಯಪ್. (ಓದುಗರು, ಉಪ್ಪಳ)

ಉತ್ತರ: ಹಳೆಯ ಜಂಕ್ಷನ್ ನಕ್ಷೆಯಲ್ಲಿ ಉಳಿದಿದೆ. ಒಳರಸ್ತೆಯನ್ನು ಹೆದ್ದಾರಿಯ ಬಿಂದುವಿನಿಂದ ಬಿಡಿಸಿ ಸರ್ವಿಸ್ ರಸ್ತೆಗೆ ಜೋಡಿಸಿ. ಅಂಡರ್‌ಪಾಸ್ ಇರುವಲ್ಲಿ ಮೇಲಿನ ಹೆದ್ದಾರಿಯ ತುಂಡಿಗೆ ‘ಬ್ರಿಡ್ಜ್’ ಕೊಡಿ, ಕೆಳಗಿನ ರಸ್ತೆಗೆ ಸುರಂಗ ಬೇಡ. ತಿದ್ದಿದ ಮರುದಿನವೇ ಫೋನಿನಲ್ಲಿ ಹುಡುಕಬೇಡಿ: ಆಸ್‌ಮ್ಯಾಂಡ್‌ನ ಆಫ್‌ಲೈನ್ ನಕ್ಷೆ ತಿಂಗಳಿಗೊಮ್ಮೆ ಹೊಸದಾಗುತ್ತದೆ, ಅದನ್ನು ನೀವೇ ಮತ್ತೆ ಇಳಿಸಿಕೊಳ್ಳಬೇಕು.