ಅವರ ಮನಸ್ಸಿನ ಅಧ್ಯಾಯ ನಿಮ್ಮ ಕೈಯಲ್ಲಿಲ್ಲ

ಪ್ರಶ್ನೆ: ನನಗೆ 36 ವರ್ಷ, ಕರಡು ತಿದ್ದುವ ಕೆಲಸ. ರಾತ್ರಿ ನಾಲ್ಕು ಪುಟವಾದರೂ ಪ್ರೇಮ ಕಾದಂಬರಿ ಓದದೆ ನಿದ್ದೆ ಹತ್ತುವುದಿಲ್ಲ. ಯಾವುದರಲ್ಲೂ ಹೊಂದಾಣಿಕೆಯಿಲ್ಲದ ಇಬ್ಬರು ಕೊನೆಗೆ ಒಂದಾಗುವ ಕಥೆಗಳೆಂದರೆ ನನಗೆ ಪ್ರಾಣ. ಎಂಟು ತಿಂಗಳಿಂದ ಒಬ್ಬರ ಪರಿಚಯ ಬೆಳೆದು ಪ್ರೀತಿಯಾಗಿದೆ. ಅವರಿಗೆ 41, ಎಲೆಕ್ಟ್ರಿಷಿಯನ್. ಪುಸ್ತಕ ಮುಟ್ಟುವವರಲ್ಲ, ಮಾತೂ ಕಡಿಮೆ. ಉದ್ದದ ಮೆಸೇಜಿಗೆ ‘ಸರಿ’, ‘ಆಯ್ತು’ ಎಂಬಷ್ಟೇ ಉತ್ತರ. ಎರಡು ಸಲ ಬರುತ್ತೇನೆಂದು ಹೇಳಿ ಬರಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಆದರೆ ನನ್ನ ಟೇಬಲ್ ಲ್ಯಾಂಪ್ ಮಿಣುಕುವುದನ್ನು ಒಮ್ಮೆ ನೋಡಿದವರು, ನಾನು ಕೇಳದಿದ್ದರೂ ಮರುದಿನ ವೈರು, ಹೋಲ್ಡರು ತಂದು ಸರಿ ಮಾಡಿಕೊಟ್ಟರು. ಹೋದ ವಾರ ‘ಮದುವೆ ಆಗೋಣವಾ’ ಅಂದರು. ಗೆಳತಿ, ‘ನೀನು ಪ್ರೀತಿಸ್ತಿರೋದು ಅವನನ್ನಲ್ಲ, ನಿನ್ನ ಕಾದಂಬರಿ ಹೀರೋನ’ ಅನ್ನುತ್ತಾಳೆ. ಒಂದು ತಿಂಗಳು ಮಾತು ಬಿಟ್ಟು ನೋಡಲೇ? ನಿಜವಾದ ಪ್ರೀತಿಯಾದರೆ ಹುಡುಕಿಕೊಂಡು ಬರುತ್ತಾರಲ್ಲವೇ? ಇನ್ನೊಂದು ವಿಷಯ: ನಾನು ಏನು ಓದುತ್ತೇನೆಂದು ಅವರಿಗೆ ಗೊತ್ತಿಲ್ಲ. ಪುಸ್ತಕಗಳಿಗೆ ಕಾಗದದ ಹೊದಿಕೆ ಹಾಕಿದ್ದೇನೆ. ‘ಇದರಲ್ಲಿ ಏನಿದೆ’ ಎಂದು ಒಮ್ಮೆ ಕೇಳಿದಾಗ ‘ಆಫೀಸಿನದು’ ಅಂದುಬಿಟ್ಟೆ.

ಉತ್ತರ: ಮಾತು ಬಿಡಬೇಡಿ. ಒಂದು ತಿಂಗಳಲ್ಲ, ಒಂದು ವಾರವೂ ಬೇಡ. ಉಳಿದದ್ದೆಲ್ಲ ಆಮೇಲೆ.

ಆ ಯೋಚನೆ ಎಲ್ಲಿಂದ ಬಂತೆಂದು ನನಗೆ ಗೊತ್ತು, ನಾನೂ ಅದೇ ಕಪಾಟಿನ ಪುಸ್ತಕ ಓದುವವಳು. ಕಾದಂಬರಿ ಮುಕ್ಕಾಲು ಭಾಗ ಮುಗಿಯುವ ಹೊತ್ತಿಗೆ ಜೋಡಿ ಅಗಲುತ್ತದೆ. ಆ ಅಗಲಿಕೆಯಲ್ಲೇ ಇಬ್ಬರಿಗೂ ತಮ್ಮ ಮನಸ್ಸು ಅರ್ಥವಾಗುತ್ತದೆ. ಪ್ರೇಮ ಕಾದಂಬರಿಗಳನ್ನು ಆಳವಾಗಿ ಅಭ್ಯಾಸ ಮಾಡಿದ ಪಮೇಲಾ ರೀಗಿಸ್ 2003ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇಂಥ ಕಥೆಗೆ ಬೇಕೇ ಬೇಕಾದ ಎಂಟು ಅಂಗಗಳನ್ನು ಗುರುತಿಸುತ್ತಾರೆ. ಇನ್ನು ಇವರು ಒಂದಾಗುವುದಿಲ್ಲ ಎಂದು ಓದುಗರ ಎದೆ ಧಸಕ್ಕೆನ್ನುವ ಘಟ್ಟ ಅವುಗಳಲ್ಲಿ ಒಂದು. ಅದಕ್ಕೆ ಅವರು ಕೊಟ್ಟ ಹೆಸರಿನಲ್ಲೇ ‘ಸಾವು’ ಎಂಬ ಮಾತಿದೆ. ಆ ಘಟ್ಟವನ್ನು ನಾವು ಅಳುತ್ತಲೇ ದಾಟಿಬಿಡುತ್ತೇವೆ, ಏಕೆಂದರೆ ಕೊನೆ ಸುಖವಾಗಿಯೇ ಇರುತ್ತದೆಂಬ ಭರವಸೆಯ ಮೇಲೆ ಪುಸ್ತಕ ಹಿಡಿದಿರುತ್ತೇವೆ. ನಿಮ್ಮ ಸ್ನೇಹಿತರಿಗೆ ಆ ಭರವಸೆ ಎಲ್ಲಿಂದ ಬರಬೇಕು? ಎಂಟು ತಿಂಗಳು ಕೂಡಿಸಿಕೊಂಡ ಧೈರ್ಯದಲ್ಲಿ ಎರಡು ಪದ ಆಡಿದ್ದಾರೆ. ಅದರ ಬೆನ್ನಿಗೇ ನೀವು ಫೋನ್ ಎತ್ತದಿದ್ದರೆ, ‘ಒಲ್ಲೆ ಅಂದಳು’ ಎಂದುಕೊಂಡು ದೂರ ಸರಿಯುತ್ತಾರೆ. ನಿಮ್ಮ ಮೌನಕ್ಕೆ ಮರ್ಯಾದೆ ಕೊಟ್ಟು ಬಾರದೆ ಉಳಿದವರನ್ನು ನೀವು ‘ಪ್ರೀತಿಯಿಲ್ಲ’ ಎಂದು ಲೆಕ್ಕ ಹಾಕುತ್ತೀರಿ. ಇಬ್ಬರೂ ತಪ್ಪು ತಿಳಿದು ಬೇರೆಯಾಗುವುದಕ್ಕೆ ಒಂದು ತಿಂಗಳು ಧಾರಾಳ ಸಾಕು.

ಇನ್ನು ಗೆಳತಿಯ ಮಾತು. ಅವರು ಹೇಳಿದ್ದರಲ್ಲಿ ಸತ್ಯವಿದೆ, ಆದರೆ ಬೆರಳು ತೋರಿಸಿದ್ದು ತಪ್ಪು ಜಾಗಕ್ಕೆ. ಓದು ನಿಮ್ಮನ್ನು ಕೆಡಿಸಿಲ್ಲ. ಕಾದಂಬರಿಯಲ್ಲಿ ಓದುಗರಿಗೆ ಮಾತ್ರ ಸಿಗುವ ಒಂದು ಅನುಕೂಲ ನಿಮಗೂ ಇದೆ ಎಂದು ನೀವು ನಂಬಿಬಿಟ್ಟಿದ್ದೀರಿ, ಅಷ್ಟೇ.

‘ಪ್ರೈಡ್ ಅಂಡ್ ಪ್ರೆಜುಡಿಸ್’ ತೆಗೆದುಕೊಳ್ಳಿ. ಜೇನ್ ಆಸ್ಟೆನ್ ಅವರ ಈ ಕಾದಂಬರಿ ಬಂದದ್ದು 1813ರಲ್ಲಿ. ಮೊದಲು ಮುಖ ತಿರುಗಿಸಿ ಆಮೇಲೆ ಮನಸೋಲುವ ಇವತ್ತಿನ ಎಷ್ಟೋ ಜೋಡಿಗಳಿಗೆ ಅದೇ ತವರು. ನಾಯಕಿ ಎಲಿಜಬೆತ್‌ಳ ಕಣ್ಣುಗಳಿಗೆ ನಾಯಕ ಡಾರ್ಸಿ ಸೋಲುತ್ತಿದ್ದಾನೆಂದು ಲೇಖಕಿ ನಮಗೆ ಆರನೇ ಅಧ್ಯಾಯದಲ್ಲೇ ಹೇಳಿಬಿಡುತ್ತಾರೆ. ಎಲಿಜಬೆತ್‌ಗೆ ತಿಳಿಯುವುದು 34ನೆಯದರಲ್ಲಿ, ಅವನು ಬಂದು ನೇರವಾಗಿ ಕೇಳಿದಾಗ! ನಡುವಿನ ಅಷ್ಟೂ ಅಧ್ಯಾಯಗಳಲ್ಲಿ ಅವನ ಬಿಗಿ ಮುಖ ನಮಗೆ ಪ್ರೀತಿಯಾಗಿ ಕಾಣುತ್ತದೆ, ಅವಳಿಗೆ ಸೊಕ್ಕಾಗಿ ಕಾಣುತ್ತದೆ. ಅವಳದ್ದೇನೂ ದಡ್ಡತನವಲ್ಲ, ನಾವು ಓದಿದ ಆ ಆರನೇ ಅಧ್ಯಾಯ ಅವಳಿಗೆ ಸಿಕ್ಕಿರಲಿಲ್ಲ. ಈಗಿನ ಕಾದಂಬರಿಗಳು ಇನ್ನೂ ಒಂದು ಹೆಜ್ಜೆ ಮುಂದೆ: ಒಂದು ಅಧ್ಯಾಯ ಅವಳದ್ದು, ಒಂದು ಅವನದ್ದು. 2013ರಲ್ಲಿ ಬಂದ ಗ್ರೇಮ್ ಸಿಮ್ಸಿಯನ್ ಅವರ ‘ದಿ ರೋಸಿ ಪ್ರಾಜೆಕ್ಟ್’ ಇಡೀ ಕಥೆಯನ್ನು ಡಾನ್ ಎಂಬ ನಾಯಕನ ಬಾಯಿಂದಲೇ ಹೇಳಿಸುತ್ತದೆ. ಹೆಂಡತಿಯನ್ನು ಹುಡುಕಲು ಪ್ರಶ್ನಾವಳಿ ತಯಾರಿಸುವ ಪ್ರೊಫೆಸರ್ ಅವನು. ಮನಸ್ಸಿನೊಳಗೆ ಕೂತು ನೋಡುವ ನಮಗೆ ಪಾಪ ಅನ್ನಿಸುತ್ತಾನೆ. ಎದುರಿಗೆ ಕೂತ ರೋಸಿಗೆ ಆ ಕಿಟಕಿಯಿಲ್ಲ.

ನೀವು ಕೂತಿರುವುದು ರೋಸಿಯ ಜಾಗದಲ್ಲಿ. ಆದರೆ ‘ಸರಿ’ ಎಂಬ ಒಂದು ಪದದ ಮೆಸೇಜ್ ಬಂದ ಕೂಡಲೇ, ಅದರ ಹಿಂದೆ ಅವರೊಳಗೆ ಏನು ನಡೆದಿರಬಹುದೆಂದು ಒಂದು ಪುಟ ನೀವೇ ಬರೆದುಕೊಳ್ಳುತ್ತಿದ್ದೀರಿ. ಬಾರದ ಆ ಎರಡು ಸಂಜೆಗಳಿಗೂ ಕಾರಣ ನೀವೇ ಹುಡುಕಿಕೊಟ್ಟಿರುತ್ತೀರಿ, ಬಹುಶಃ ಚೆಂದದ್ದೇ. ಆ ಭಾಗವನ್ನು ಗೆಳತಿ ನೋಡಿದ್ದಾರೆ.

ಟೇಬಲ್ ಲ್ಯಾಂಪ್ ಮಾತ್ರ ನೀವು ಬರೆದದ್ದಲ್ಲ. ಅದು ನಡೆದದ್ದು. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಒಂದು ಸಾಲನ್ನು. ನೀವು ಯಾವ ಬೆಳಕಿನಲ್ಲಿ ಓದುತ್ತೀರಿ ಎಂಬುದನ್ನು ಪುಸ್ತಕ ಮುಟ್ಟದ ಮನುಷ್ಯ ಗಮನಿಸಿದ್ದಾರೆ. ಗಮನಿಸಿ, ನೆನಪಿಟ್ಟುಕೊಂಡು, ಮರುದಿನ ಸಾಮಾನು ಹಿಡಿದು ಬಂದಿದ್ದಾರೆ. ಹಾಗೆಯೇ ಬಾರದ ಆ ಎರಡು ಸಂಜೆಗಳೂ ನಡೆದವೇ. ಎರಡನ್ನೂ ಹಾಗೇ ಇಟ್ಟುಕೊಳ್ಳಿ, ಒಂದರಿಂದ ಇನ್ನೊಂದನ್ನು ಅಳಿಸಬೇಡಿ.

ಆ ಸಂಜೆಗಳ ಬಗ್ಗೆ ನೇರವಾಗಿ ಕೇಳಿ. ಮೆಸೇಜಿನಲ್ಲಿ ಬೇಡ, ಎದುರಿಗೆ ಕೂತು. ‘ಅವತ್ತು ನಿಮಗಾಗಿ ಕಾದೆ, ನೀವು ಬರಲಿಲ್ಲ, ಆಮೇಲೂ ಏನೂ ಹೇಳಲಿಲ್ಲ. ಏನಾಗಿತ್ತು?’ ಇಷ್ಟು ಸಾಕು. ಕೇಳಿದ ಮೇಲೆ ಸುಮ್ಮನಿರುವುದು ಕಷ್ಟ, ಆದರೂ ಇರಿ. ‘ಕೆಲಸ ಇತ್ತೇನೋ ಅಲ್ವಾ’ ಎಂದು ಉತ್ತರವನ್ನು ನೀವೇ ಅವರ ಬಾಯಿಗೆ ಇಡಬೇಡಿ. ಮಾತು ಕಡಿಮೆಯವರು ಪದ ಹುಡುಕಲು ಹೊತ್ತು ತೆಗೆದುಕೊಳ್ಳುತ್ತಾರೆ. ನಾಲ್ಕೇ ಮಾತಿನಲ್ಲಿ ನಿಜ ಹೇಳಿದರೆ ಅದೇ ದೊಡ್ಡದು. ಕೇಳಿದ್ದಕ್ಕೇ ಸಿಡುಕಿದರೆ, ನಿಮ್ಮದೇ ತಪ್ಪೆನ್ನುವ ಹಾಗೆ ಮಾತು ತಿರುಗಿಸಿದರೆ, ಅದನ್ನೂ ಉತ್ತರವೆಂದೇ ತಿಳಿಯಿರಿ. ಕಾದಂಬರಿಯ ನಾಯಕನ ಸಿಡುಕಿನ ಹಿಂದೆ ಒಂದು ಹಳೆಯ ಗಾಯ ಇದ್ದೇ ಇರುತ್ತದೆ. ಬದುಕಿನಲ್ಲಿ ಬರೀ ಸಿಡುಕೂ ಇರುತ್ತದೆ, ಅದನ್ನು ಸಹಿಸಿಕೊಂಡು ಇರಬೇಕಾದ ಯಾವ ಕರ್ಮವೂ ನಿಮಗಿಲ್ಲ. ಮದುವೆಗೆ ಈಗಲೇ ಹೂಂ ಅನ್ನಬೇಕಾಗಿಲ್ಲ. ‘ಕೇಳಿದ್ದು ಖುಷಿಯಾಯಿತು, ನನಗೆ ಸ್ವಲ್ಪ ಸಮಯ ಬೇಕು’ ಎಂದು ಇವತ್ತೇ ಹೇಳಿ.

ಅವರು ಓದುವುದಿಲ್ಲ ಎಂಬುದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ನಿಮಗೂ ವೈರಿಂಗ್ ಬರುವುದಿಲ್ಲವಲ್ಲ. ಕಾಡಿದ್ದು ಆ ಕಾಗದದ ಹೊದಿಕೆ. ಅವರು ಮನಸ್ಸು ಬಿಚ್ಚುವುದಿಲ್ಲ ಎಂದು ನಿಮ್ಮ ದೂರು. ಅವರು ಒಂದೇ ಒಂದು ಸಲ ನಿಮ್ಮ ಮನಸ್ಸಿನ ಬಾಗಿಲ ಹತ್ತಿರ ಬಂದು ‘ಇದರಲ್ಲಿ ಏನಿದೆ’ ಎಂದರು. ನೀವು ‘ಆಫೀಸಿನದು’ ಎಂದು ಮುಚ್ಚಿದಿರಿ. ನಾಚಿಕೆ ಅರ್ಥವಾಗುತ್ತದೆ. ಪ್ರೇಮ ಕಾದಂಬರಿ ಓದುವ ಹೆಂಗಸರನ್ನು ನೋಡಿ ಜನ ನಗುವುದನ್ನು ನಾನೂ ಬಹಳ ಕಂಡಿದ್ದೇನೆ, ನೊಂದಿದ್ದೇನೆ. ಆದರೆ ಹತ್ತಿರದವರಿಂದಲೂ ಬಚ್ಚಿಟ್ಟರೆ, ಅವರ ಕೈಯಲ್ಲೂ ನಿಮ್ಮ ಅಧ್ಯಾಯ ಇಲ್ಲದ ಹಾಗಾಯಿತು.

ಎಲಿಜಬೆತ್ ಬದಲಾಗಿದ್ದು ಊಹೆಯಿಂದಲ್ಲ. ಬೇಡವೆನ್ನಿಸಿಕೊಂಡ ಮಾರನೇ ಬೆಳಿಗ್ಗೆ ಡಾರ್ಸಿ ಒಂದು ಪತ್ರ ಕೊಟ್ಟು ಹೊರಟುಹೋಗುತ್ತಾನೆ. ಅವಳು ಅದನ್ನು ಮೊದಲು ಸಿಟ್ಟಿನಿಂದ ಓದುತ್ತಾಳೆ, ಮತ್ತೆ ಓದುತ್ತಾಳೆ, ಎರಡು ಗಂಟೆ ದಾರಿಯಲ್ಲಿ ಅಲೆದಾಡುತ್ತಾಳೆ. ನಿಮ್ಮಿಬ್ಬರಲ್ಲಿ ಅಂಥದ್ದನ್ನು ಮೊದಲು ಕೊಡಬೇಕಾದವರು ನೀವು ಎಂದು ನನಗನ್ನಿಸುತ್ತದೆ, ಪದಗಳು ಇರುವುದು ನಿಮ್ಮ ಹತ್ತಿರ.

ಅವರು ಮುಂದಿನ ಸಲ ಬರುವ ಮುಂಚೆ, ಈಗ ಓದುತ್ತಿರುವ ಪುಸ್ತಕದ ಹೊದಿಕೆ ಬಿಚ್ಚಿ, ಅವರು ಸರಿ ಮಾಡಿಕೊಟ್ಟ ಆ ಲ್ಯಾಂಪಿನ ಕೆಳಗೆ ಮುಖಪುಟ ಮೇಲೆ ಮಾಡಿ ಇಡಿ. ‘ಅವತ್ತು ಸುಳ್ಳು ಹೇಳಿದೆ, ಇದು ಆಫೀಸಿನದಲ್ಲ’ ಅನ್ನಿ. ಆಮೇಲೆ ಕಥೆ ಹೇಳಿ, ಎಲ್ಲಿವರೆಗೆ ಓದಿದ್ದೀರೋ ಅಲ್ಲಿವರೆಗೆ.